ಮಾವನ ಕೋವಿಗೆ ಲಾಡಿ ಪೋಣಿಸಿದ್ದು

ಕೋವಿ ಬಗ್ಗೆ ಬರಿ ಅಂತ ಯಾರೂ ಕೇಳಿದ್ದಲ್ಲ. ಕಳಲೆ ಉಪ್ಪಿನಕಾಯಿ, ಹಲಸಿನ ಹಪ್ಪಳ ಅಂತ ಬರ್ಕೊಂಡಿದ್ದೋಳು ಈಗ ಕೋವಿ ಹಿಡ್ಕೊಂಡು ಹೊರಟಳು ಅಂತ ನೀವೆಲ್ಲ ನಗಾಡ್ತೀರಿ, ಗೊತ್ತು. ಆದ್ರೆ ಏಪ್ರಿಲ್ಲಲ್ಲಿ ಕೆಳಗಿನ್ಮನೆ ಅತ್ತಿಗೆ ಹೆಪ್ಪಿಗೆ ಮಜ್ಜಿಗೆ ಕೇಳಕ್ಕೆ ಬಂದೋರು, ನಮ್ಮ ಜಗಲಿ ಮೊಳೆಲಿ ನೇತಾಡ್ತಿದ್ದ ಚರ್ಮದ ಪಟ್ಟಿ ನೋಡಿ, "ಇದೆಂತದೇ, ನಾಯಿ ಕಟ್ಟದಾ?" ಅಂದ್ರು. "ಅಲ್ಲ ಅತ್ತಿಗೆ, ಕೋವಿದು. ನಾನೇ ಹೊಲ್ದಿದ್ದು" ಅಂದೆ. ಅವ್ರು ನಂಬ್ಲೇ ಇಲ್ಲ. ಪಟ್ಟಿ ಇದೆ, ಕೋವಿ ಎಲ್ಲಿ ಅಂತ ಕೇಳಿದ್ರು. ಅದನ್ನ ಆಮೇಲೆ ಹೇಳ್ತೀನಿ.

ಪ್ಯಾಟೆಲಿರೋ ಹುಡುಗೀರಿಗೆ ಮೊದ್ಲು ಒಂಚೂರು ಹೇಳ್ಬೇಕು. ನಮ್ಮನೆದು ತೋಟೆ ಕೋವಿ ಅಲ್ಲ, ಕೇಪಿನ ಕೋವಿ. ತೋಟೆ ಕೋವಿಗಾದ್ರೆ ಹಿಂದಿಂದ ತೋಟೆ ಇಟ್ಟು ಮಡಚಿದ್ರೆ ಆಯ್ತು. ಇದಕ್ಕೆ ಎಲ್ಲಾ ಬಾಯಿಂದ್ಲೇ ತಿನ್ಸದು. ಮದ್ದು ಹುಯ್ಯದು, ಅದರ ಮೇಲೆ ತೆಂಗಿನ ನಾರೋ ಬಟ್ಟೆ ಚೂರೋ ತುರುಕಿ ಗಜದಲ್ಲಿ ಗಟ್ಟಿ ಜಡಿಯದು. ಗಜ ಅಂದ್ರೆ ನಳಿಗೆ ಅಡಿಲಿ ಎರಡು ಸಣ್ಣ ಬಳೆ ಒಳಗೆ ತೂರಿಸಿ ಇಟ್ಟಿರ್ತಾರಲ್ಲ, ಆ ಉದ್ದ ಸರಳು. ಆಮೇಲೆ ಕುದುರೆ ಹಿಂದಕ್ಕೆ ಎಳ್ದು, ಅದರ ಕೆಳಗಿನ ತೂತಿನ ಮೂತಿಗೆ ಕೇಪ್ ಕೂರಿಸದು. ಕೇಪ್ ಅಂದ್ರೆ ರವಿಕೆ ಗುಂಡಿಗಿಂತ ಸಣ್ಣ ತಾಮ್ರದ ಟೊಪ್ಪಿ. ಕುದುರೆ ಬಂದು ಅದಕ್ಕೆ ಕುಟ್ಟಿದ್ರೆ ಒಳಗಿನ ಮದ್ದಿಗೆ ಕಿಡಿ ಹೋಗ್ತದೆ. ಕೋವಿ ನಿಲ್ಲಿಸಿದ್ರೆ ನನ್ನ ಗಲ್ಲದ ತನಕ ಬರ್ತದೆ. ಅಡಿಕೆ ತೂಗೋ ತಕ್ಕಡಿಲಿ ಇಟ್ಟು ನೋಡಿದೆ, 3 ಕೆಜಿ 100 ಗ್ರಾಂ.

ಬೆಳೆ ರಕ್ಷಣೆಗೆ ಅಂತ ಕೊಟ್ಟ ಲೈಸೆನ್ಸು, ಮಾವನ ಹೆಸರಲ್ಲಿ. ಈಗ ಐದು ವರ್ಷಕ್ಕೊಂದ್ಸಲ ರಿನೀವಲ್ಲು. ಕೊಡಗಿನೋರಿಗೆ ಬ್ರಿಟಿಷರ ಕಾಲದಿಂದ್ಲೂ ಲೈಸೆನ್ಸಿನ ವಿನಾಯ್ತಿ ಇದೆ. ಸೆಪ್ಟೆಂಬರಲ್ಲಿ ಕೈಲ್ ಪೊಳ್ದ್ ದಿವ್ಸ ಕೋವಿಗೆ ತೋಕ್ ಪೂ ಸಿಕ್ಕಿಸಿ ಪೂಜೆ ಮಾಡ್ತಾರೆ. ನಮ್ಮ ಕೊಪ್ಪ ಶೃಂಗೇರಿ ಕಡೆ ಅಷ್ಟೆಲ್ಲ ಗೌರವ ಎಲ್ಲಿ? ಆಯುಧಪೂಜೆ ದಿವ್ಸ ಹಾರೆ, ಕತ್ತಿ, ಮೆಟ್ಟುಗತ್ತಿ ಸಾಲಲ್ಲೇ ಒರಗಿಸಿ ಕುಂಕುಮ ಇಡದು, ಅಷ್ಟೆ. ಪ್ರಾಣಿಗೆ ಹೊಡೆಯಕ್ಕಂತೂ ಇಲ್ಲ, 1972ರ ಕಾನೂನು ಬಂದ ಮೇಲೆ ಅದು ಮುಗೀತು. ಮಾವ ಬರೀ ಮದ್ದು ಜಡಿದು ಆಕಾಶಕ್ಕೊಂದು ಈಡು ಬಿಡ್ತಾರೆ. ಹಂದಿ ಎರಡು ದಿನ ಈಚೆ ತಲೆ ಹಾಕದಿಲ್ಲ. ಮೂರನೇ ದಿನ ಬರ್ತದೆ ಅನ್ನದು ಬೇರೆ ಮಾತು.

ಹೋದ ವರ್ಷ ಪುನರ್ವಸು ಮಳೆಲಿ, ರಾತ್ರಿ ಹತ್ತೂವರೆ ಹೊತ್ತಿಗೆ, ಹಳ್ಳದಾಚೆ ತೋಟದಲ್ಲಿ ಹಂದಿ ಬಾಳೆ ಕಂದು ಮಗುಚ್ತಿರೋ ಶಬ್ದ ಕೇಳಿ ಮಾವ ಎದ್ದು ಹೊರಟ್ರು. ಎಪ್ಪತ್ತಾರು ವರ್ಷ. ನಮ್ಮನೆಯವ್ರು ಊರಲ್ಲಿರ್ಲಿಲ್ಲ. "ಬ್ಯಾಡ ಮಾವ, ಒಂದೆರಡು ಬಾಳೆ ಹೋದ್ರೆ ಹೋಗ್ಲಿ" ಅಂದೆ. ಕೇಳ್ಬೇಕಲ್ಲ! ಒಂದು ಕೈಲಿ ಬ್ಯಾಟ್ರಿ, ಒಂದು ಕೈಲಿ ಕೊಡೆ, ಕಂಕುಳಲ್ಲಿ ಕೋವಿ. ನಮ್ಮ ಹಳ್ಳಕ್ಕಿರದು ಎರಡು ಅಡಿಕೆ ಮರ ಜೋಡಿಸಿದ ಸಂಕ, ಪಕ್ಕಕ್ಕೊಂದು ಬಿದಿರಿನ ಕೈಹಿಡಿ. ಮಳೆಗಾಲದಲ್ಲಿ ಅದು ಪಾಚಿ ಹಿಡ್ದು ಲೋಳೆಸರ ಆಗಿರ್ತದೆ. ಜಾರಿದ್ರು. ಕೊಡೆ ಹೋಯ್ತು, ಬ್ಯಾಟ್ರಿ ಹೋಯ್ತು. ಕೋವಿ ಮಾತ್ರ ಎಡಗೈಲಿ ಮೇಲಕ್ಕೆತ್ತಿ ಹಿಡ್ದು, ಮೈಭಾರ ಪೂರಾ ಬಲಗೈ ಮೇಲೆ ಹಾಕ್ಕೊಂಡು ಕಲ್ಲಿನ ಮೇಲೆ ಬಿದ್ದಿದ್ರು. ನಾನು ಲಾಟೀನು ಹಿಡ್ಕೊಂಡು ಓಡಿ ಹೋದ್ರೆ ಮೊದಲ ಮಾತು: "ನಳಿಗೆಗೆ ನೀರು ತಾಗಲಿಲ್ಲ ಮಗಾ."

ಮಣಿಕಟ್ಟು ಮುರಿದಿತ್ತು. ಆರು ವಾರ ಬ್ಯಾಂಡೇಜು.

ನಮ್ಮನೆಯವ್ರು ಬಂದೋರೇ ಶುರು ಮಾಡಿದ್ರು, ಕೋವಿ ಸರೆಂಡರ್ ಮಾಡಿ ಬಿಡನ, ತೋಟಕ್ಕೆ ಐಬೆಕ್ಸ್ ಬೇಲಿ ಹಾಕ್ಸನ ಅಂತ. ತಪ್ಪೇನಲ್ಲ ಅವ್ರು ಹೇಳಿದ್ದು. ಅತ್ತೆ ಅಂತೂ, "ಈ ದರಿದ್ರ ನನ್ನ ಮದುವೆಗೆ ಮೊದ್ಲೇ ಈ ಮನೆಲಿತ್ತು, ನಾನು ಸತ್ತ ಮೇಲೂ ಇರ್ತದೆ" ಅಂತ ಹೇಳಿ ಒಳಗೆ ಹೋದ್ರು. ಮಾವ ಎಂತೂ ಮಾತಾಡ್ಲಿಲ್ಲ. ಗೋಡೆ ಕಡೆ ತಿರುಗಿ ಮಲಗಿದ್ರು. ಮಾರನೇ ದಿನ ಕಾಫಿನೂ ಬ್ಯಾಡ ಅಂದ್ರು. ನಮ್ಮ ಮಾವ ಕಾಫಿ ಬ್ಯಾಡ ಅಂದಿದ್ದು ಹದಿನೆಂಟು ವರ್ಷದಲ್ಲಿ ನಾನು ನೋಡಿದ್ದು ಅದೇ ಮೊದ್ಲು.

ನಂಗೇನು ಕೋವಿ ಮೇಲೆ ಪ್ರೀತಿ ಅಂತಲ್ಲ. ಗಂಜಿ ಚಮಚದಲ್ಲಿ ಬಾಯಿಗೆ ಕೊಡ್ತಾ ಸಿಟ್ಟಲ್ಲೇ ಕೇಳಿದೆ, "ಕೋವಿ ಬಿಟ್ಟು ಕೈಹಿಡಿ ಹಿಡ್ಕಂಡಿದ್ರೆ ಎಂತ ಹೋಗ್ತಿತ್ತು ಮಾವ?"

"ಹಳ್ಳಕ್ಕೆ ಹೋಗಿದ್ರೆ ಎಲ್ಲಿ ಅಂತ ಹುಡುಕ್ತಿದ್ದೆ? ಲೈಸೆನ್ಸಿನ ಕೋವಿ ಕಳ್ದೋಯ್ತು ಅಂದ್ರೆ ಸ್ಟೇಷನ್ನಿಗೆ ಹೋಗಿ ಎಂತ ಹೇಳದು? ಕೈ ಆದ್ರೆ ಕೂಡ್ತದೆ."

ಆ ರಾತ್ರಿ ನಿದ್ದೆ ಬರದೆ ಅದನ್ನೇ ಲೆಕ್ಕ ಹಾಕಿದೆ. ಸಾಮಾನು ಮೂರು, ಕೈ ಎರಡು, ಸಂಕ ಒಂದು. ನಾವು ಹೆಂಗಸ್ರು ಸೊಪ್ಪಿನ ಹೊರೆ ತರುವಾಗ ಕೈಲಿ ಹಿಡ್ಕಂಡು ಬರ್ತೀವಾ? ತಲೆ ಮೇಲಿಟ್ಟು ಕೈ ಬಿಟ್ಕೊಂಡೇ ಅಲ್ದಾ ಸಂಕ ದಾಟದು? ಮಗೂನ ಸೀರೆಲಿ ಕಟ್ಕೊಂಡು ಸಸಿ ನೆಟ್ಟೋರು ನಮ್ಮಮ್ಮಂದಿರು. ಕೋವಿಗೆ ಒಂದು ಹೆಗಲ ಪಟ್ಟಿ ಇದ್ದಿದ್ರೆ ಮಾವ ಬೀಳ್ತಿರ್ಲಿಲ್ಲ. ಇಷ್ಟು ವರ್ಷ ಯಾರಿಗೂ ಹೊಳೀಲಿಲ್ಲ ಎಂತಕ್ಕೋ.

ಮೊದ್ಲು ದನ ಕಟ್ಟೋ ನೈಲಾನ್ ಹಗ್ಗ ತಂದು, ನಳಿಗೆಗೊಂದು ಗಂಟು, ಹಿಂದಿನ ಮರದ ಸಣ್ಣ ಕುತ್ತಿಗೆಗೊಂದು ಗಂಟು ಹಾಕಿದೆ. ಹೆಗಲಿಗೆ ಹಾಕ್ಕೊಂಡು ಅಂಗಳದಲ್ಲಿ ಹತ್ತು ಹೆಜ್ಜೆ ಹೋಗಿಲ್ಲ, ಕೋವಿ ಬುಡಮೇಲಾಗಿ ಬಾಯಿ ಹೋಗಿ ನೆಲಕ್ಕೆ ಕುಟ್ತು. ಜಗಲಿಲಿ ಕೂತಿದ್ದ ಮಾವ ಬ್ಯಾಂಡೇಜಿನ ಕೈ ಎತ್ತಿ, "ಏಯ್ ಏಯ್" ಅಂತ ಎದ್ದೇ ಬಿಟ್ರು. ವಾರದ ಮೇಲೆ ಅವ್ರ ಬಾಯಿಂದ ಗಟ್ಟಿ ಶಬ್ದ ಬಂದಿದ್ದು ಅದೇ.

ಎರಡು ಗಂಟೂ ಹತ್ರ ಹತ್ರ ಆಗಿತ್ತು. ಒನಕೆ ಹಿಡ್ದೋರಿಗೆ ಇದು ಗೊತ್ತಿರ್ತದೆ. ಕೋವಿನ ಅಡ್ಡ ಮಾಡಿ ಒಂದು ಬೆರಳ ಮೇಲೆ ತೂಗಿಸಿ, ಎಲ್ಲಿ ಸಮ ನಿಲ್ತದೆ ನೋಡಿದೆ. ಕುದುರೆಯಿಂದ ನಾಕು ಬೆರಳು ಮುಂದೆ ನಿಲ್ತು. ಆ ಜಾಗದಿಂದ ಒಂದು ಕಟ್ಟು ಒಳ್ಳೆ ಮುಂದಿರ್ಬೇಕು, ಇನ್ನೊಂದು ಒಳ್ಳೆ ಹಿಂದಿರ್ಬೇಕು. ಸರಿ ಅಂತ ಮುಂದಿನ ಗಂಟು ಮುಂದೆ ಸರಿಸಿ ಬಿಗಿದೆ. ಮಾವ, "ಈಗ ಗಜ ತೆಗಿ ನೋಡನ" ಅಂದ್ರು. ಎಲ್ಲಿ ಬರ್ತದೆ? ಹಗ್ಗ ನಳಿಗೆ ಜೊತೆ ಗಜಕ್ಕೂ ಸುತ್ತಿ ಬಿಗಿದಿದ್ದೆ! ಮಾವ ನಕ್ರು. ಅತ್ತೆ ಒಳಗಿಂದ ಬಂದು ಇಣುಕಿ ನೋಡಿದ್ರು.

ಆಚಾರಿ ಒಂದು ದಿನ ಬಾಗಿಲ ಕೆಲಸಕ್ಕೆ ಬಂದಾಗ ತೋರಿಸಿದೆ. ಅವ್ನಿಗೆ ಎಂತ, ಡ್ರಿಲ್ ಕೈಲೇ ಇತ್ತು. "ಅಮ್ಮಾ, ನಳಿಗೆಗೊಂದು, ಮರಕ್ಕೊಂದು ತೂತು ಹೊಡ್ದು ಕೊಕ್ಕೆ ಹಾಕಿ ಕೊಡ್ತೀನಿ, ಐದು ನಿಮಿಷ" ಅಂದ. ಮಾವ ಅವ್ನ ಕೈಯಿಂದ ಕೋವಿ ಕಿತ್ಕೊಂಡ್ರು. ನಳಿಗೆ ಅಂದ್ರೆ ಪೈಪಲ್ಲ, ಒಳಗೆ ಮದ್ದು ಉರಿದಾಗಿನ ಒತ್ತಡ ಪೂರ ಆ ತಗಡೇ ತಡ್ಕೊಬೇಕು; ಅದಕ್ಕೆ ತೂತಲ್ಲ, ಗೀರು ಬಿದ್ರೂ ಆಗದಿಲ್ಲ. ಮುಂದಿನ ಮರನೂ ಹಾಂಗೇ, ಒಳಗೆ ಗಜ ಹೋಗೋ ದಾರಿ ಕೊರೆದಿರ್ತದೆ, ಉಳಿದ ಮರ ಕಿರುಬೆರಳು ದಪ್ಪ ಇಲ್ಲ. ಹಿಂದಿನ ಮರಕ್ಕಾದ್ರೆ ತಿರುಪು ಹೊಡೀಬಹುದಿತ್ತು, ಆದ್ರೆ ನಮ್ಮದು ಹಳೇ ಮರ, ಹೊರೆ ಸೀದಾ ಓಡಿದೆ, ಸೀಳಿದ್ರೆ ಮುಗೀತು. ಮತ್ತೆ ಲೈಸೆನ್ಸಿನ ಕೋವಿನ ಸಿಕ್ಕಿದೋರ ಕೈಲೆಲ್ಲ ರಿಪೇರಿ ಮಾಡ್ಸಂಗಿಲ್ಲ, ಅದಕ್ಕೂ ಪರವಾನಗಿ ಇರೋ ಅಂಗಡಿಯೇ ಆಗ್ಬೇಕು. ಒಟ್ಟಲ್ಲಿ ತೂತಿಲ್ಲದೆ, ಬೇಕಾದಾಗ ಬಿಚ್ಚೋ ಹಾಂಗೆ ಆಗ್ಬೇಕು ಅಂತಾಯ್ತು.

ನಮ್ಮ ಹುಡುಗ ಫೋನಲ್ಲಿ ಹುಡುಕಿ 1853ರ ಎನ್‌ಫೀಲ್ಡ್ ಬಂದೂಕಿನ ಚಿತ್ರ ತೋರಿಸ್ದ. 1857ರ ದಂಗೆ ಪಾಠದಲ್ಲಿ ಬರ್ತದಲ್ಲ, ಕೊಬ್ಬು ಸವರಿದ ತೋಟದ ಕತೆ, ಅದೇ ಬಂದೂಕು. ಅದೂ ನಮ್ಮದರ ಹಾಂಗೆ ಬಾಯಿಂದ ತುಂಬ್ಸದು, ಕೇಪ್ ಇಡದು. ಆದ್ರೆ ಸಿಪಾಯಿ ಮೈಲಿಗಟ್ಲೆ ನಡೀಬೇಕಲ್ಲ, ಅದಕ್ಕೆ ಮಾಡುವಾಗ್ಲೇ ಮುಂದಿನ ಕಬ್ಬಿಣದ ಪಟ್ಟಿಗೊಂದು ಬಳೆ, ಟ್ರಿಗರ್ ಹತ್ರ ಒಂದು ಬಳೆ ಇಟ್ಟು ಚರ್ಮದ ಪಟ್ಟಿ ಕಟ್ತಿದ್ರು. ನಮ್ಮನೆ ಕೋವಿಗೆ ಆ ಬಳೆ ಇಲ್ಲ. ಮನೆಯಿಂದ ತೋಟಕ್ಕೆ ಹೋಗೋ ಕೋವಿಗೆ ಪಟ್ಟಿ ಎಂತಕ್ಕೆ ಅಂದ್ಕೊಂಡಿರ್ಬೇಕು ಮಾಡಿದೋರು. ಅವ್ರು ನಮ್ಮ ಸಂಕ ನೋಡಿರ್ಲಿಲ್ಲ.

ಸಂತೆಲಿ ಚಪ್ಪಲಿ ಹೊಲಿಯೋರ ಹತ್ರ ಎಮ್ಮೆ ಚರ್ಮದ್ದೊಂದು ಉದ್ದ ಪಟ್ಟಿ, ಎರಡು ಬೆರಳು ಅಗಲದ್ದು, ಮತ್ತೆ ತೆಳು ಚರ್ಮದ್ದೊಂದು ತುಂಡು ತಂದೆ. ದಬ್ಬಣ ಮನೆಲೇ ಇತ್ತು, ಅಡಿಕೆ ಚೀಲ ಹೊಲಿಯದು. ದಾರಕ್ಕೆ ಜೇನುಮೇಣ ತಿಕ್ಕಿದ್ರೆ ನೀರು ಕುಡಿಯದಿಲ್ಲ, ಗಂಟೂ ಜಾರದಿಲ್ಲ. ಇದು ಅಮ್ಮ ಹೇಳ್ಕೊಟ್ಟಿದ್ದು.

ಹಿಂದಿನ ಬುಡಕ್ಕೆ ಮೊದ್ಲು ಅಗಲ ಬಳೆ ತರ ಸುತ್ತಿ ಹೊಲಿದೆ. ಚಂದ ಕಂಡ್ತು. ಪಟ್ಟಿ ಕಟ್ಟಿ ಎತ್ತಿದ್ರೆ ಬಳೆ ಮುಂದಕ್ಕೆ ಜಾರಿ ಬಂತು! ಪಟ್ಟಿ ಯಾವತ್ತೂ ಎರಡು ತುದಿನೂ ನಡುವಿಗೆ ಎಳೀತದೆ. ಕೋವಿ ಬುಡ ಹಿಂದೆ ದಪ್ಪ, ಮುಂದೆ ಸಪೂರ; ಎಳೆದಷ್ಟೂ ಸಡಿಲ ಆಗ್ತದೆ. ಹಾಂಗಾಗಿ ಬಳೆ ಬಿಚ್ಚಿ ಕಾಲುಚೀಲದ ತರ, ತಳ ಮುಚ್ಚಿ, ಮತ್ತೆ ಹೊಲಿದೆ. ತಳ ಬುಡಕ್ಕೆ ಸಿಕ್ಕೊಂಡ ಮೇಲೆ ಎಲ್ಲಿಗೆ ಜಾರ್ತದೆ? ಒಂದು ಬದಿ ಹೊಲಿಯದೆ ತೂತು ಮಾತ್ರ ಇಟ್ಟು ಬೂಟ್ಸಿನ ಲೇಸ್ ಹಾಕಿದೆ, ಬಿಗಿ ಮಾಡಕ್ಕೆ, ಬಿಚ್ಚಕ್ಕೆ. ಉಗುರುಬೆಚ್ಚಗಿನ ನೀರಲ್ಲಿ ಚರ್ಮ ನೆನೆಸಿ, ಮರಕ್ಕೆ ನೀರು ತಾಗದ ಹಾಂಗೆ ಪ್ಲಾಸ್ಟಿಕ್ ಸುತ್ತಿ, ಅದರ ಮೇಲೆ ಹಸೀದೇ ಎಳ್ದು ಕಟ್ಟಿದೆ. ಒಣಗಿದಾಗ ಮರದ ಆಕಾರಕ್ಕೇ ಬಿಗಿದು ಕೂತಿರ್ತದೆ. ಅತ್ತೆ, "ಒಲೆ ಮೇಲಿನ ಅಟ್ಟದಲ್ಲಿಡೇ, ಬೇಗ ಒಣಗ್ತದೆ" ಅಂದ್ರು. ಬಿಸಿಗೆ ಚರ್ಮ ಹಪ್ಪಳ ಆಗ್ತದೆ ಅಂತ ಸಂತೆಯೋರು ಹೇಳಿದ್ರು, ಅದಕ್ಕೆ ಜಗಲಿಲೇ ಇಟ್ಟೆ. ಆ ಮಳೆಲಿ ಐದು ದಿನ ಬೇಕಾಯ್ತು, ಅಷ್ಟರಲ್ಲಿ ಒಂದು ಕೋಟು ಬೂಷ್ಟೂ ಬಂತು. ಒರೆಸಿ ಹರಳೆಣ್ಣೆ ಸವರಿದೆ.

ಮುಂದಿನದ್ದೇ ತಲೆನೋವಿನ ಕೆಲಸ. ಗಜಕ್ಕೆ ತಾಗದೆ ನಳಿಗೆಗೆ ಮಾತ್ರ ಸುತ್ತಬೇಕು. ನೋಡ್ತಾ ಕೂತಾಗ ಕಂಡ್ತು, ಗಜದ ಬಳೆಗಳ ನಡುವೆ ನಳಿಗೆಗೂ ಗಜಕ್ಕೂ ಒಂಚೂರು ಸಂದಿ ಇದೆ, ಊದುಬತ್ತಿ ಕಡ್ಡಿ ಎರಡು ಹೋಗುವಷ್ಟು. ಲಂಗಕ್ಕೆ ಲಾಡಿ ಪೋಣ್ಸದು ಗೊತ್ತಿರೋ ಕೈಗೆ ಇದೇನು ಮಹಾ? ತೆಳು ಚರ್ಮದ ಲಾಡಿ ಸೀಳಿ, ತುದಿಗೆ ಪಿನ್ ಚುಚ್ಚಿ, ಸಂದಿಲಿ ತೂರಿಸಿ ಮೂರು ಸುತ್ತು ತಂದೆ. ಸುತ್ತಿದ್ದು ಹಿಂದಿನ ಬಳೆಗೆ ಒತ್ತಿ, ಬಾಯಿಯ ಕಡೆಗೆ. ಪಟ್ಟಿ ಹಿಂದಕ್ಕೆ ಎಳೆದ್ರೆ ಲಾಡಿ ಬಳೆಗೆ ತಡೆದು ನಿಲ್ತದೆ. ಗಜ ಸರಾಗ ಹೋಗಿ ಬಂತು. ಹುಡುಗನ ಹಳೇ ಶಾಲೆ ಬೆಲ್ಟಿನ ಬಕಲ್ ಪಟ್ಟಿಗೆ ಹಾಕಿದೆ, ಕಂಬಳಿಕೊಪ್ಪೆ ಮೇಲೆ ಹಾಕುವಾಗ ಉದ್ದ ಬೇಕು, ಬರೀ ಅಂಗಿ ಮೇಲೆ ಗಿಡ್ಡ ಸಾಕು.

ಬ್ಯಾಂಡೇಜ್ ಬಿಚ್ಚಿದ ದಿನ ಮಾವ ಕೋವಿ ಹೆಗಲಿಗೆ ಹಾಕ್ಕೊಂಡ್ರು. ಬಲಕ್ಕೆ ಹಾಕಿದ್ರು ಮೊದ್ಲು, ಕುದುರೆ ಹೊರಗಾಗಿ ಬೇಲಿಯ ಲಂಟಾನಕ್ಕೆ ಸಿಕ್ಕಾಕ್ಕೊಳ್ತು. ಎಡಕ್ಕೆ ಹಾಕಿದ್ರೆ ಕುದುರೆ ಬೆನ್ನ ಕಡೆ, ಒಳಗೆ ಬರ್ತದೆ, ಬಲಗೈ ಕೈಹಿಡಿಗೆ ಸಿಕ್ತದೆ. ಮಳೆ ಬಂದ್ರೆ ಬಾಯಿ ಕೆಳಗೆ ಮಾಡಿ ಹಾಕ್ಕೊಳ್ಳಿ, ನೀರು ಹೋಗದಿಲ್ಲ ಅಂತ ನಾನು ಬುದ್ಧಿವಂತಿಕೆ ಹೇಳಕ್ಕೆ ಹೋದೆ. ಮಾವ ನನ್ನ ಕೂರಿಸಿ ಪಾಠ ಮಾಡಿದ್ರು. ಮದ್ದು ತುಂಬಿದ ಕೋವಿನ ಬಾಯಿ ಕೆಳಗೆ ಮಾಡಿ ನಡೆದ್ರೆ, ಕುಲುಕಾಟಕ್ಕೆ ಜಡಿದ ನಾರು ಮದ್ದಿಂದ ಬಿಟ್ಟು ಮುಂದೆ ಜಾರ್ಬಹುದು. ನಡುವೆ ಖಾಲಿ ಜಾಗ ಬಿದ್ರೆ ಈಡು ಹೊಡೆದಾಗ ನಳಿಗೆನೇ ಸಿಡೀತದೆ. ಬಾಯಿ ಕೆಳಗೆ ಅಂದ್ರೆ ಖಾಲಿ ಕೋವಿ ಮಾತ್ರ. ಖಾಲಿ ಹೌದೋ ಅಲ್ವೋ ಅಂತ ಗಜ ಇಳಿಸಿ ನೋಡ್ಬೇಕು, ಖಾಲಿ ಇದ್ರೆ ಗಜ ಎಷ್ಟು ಒಳಗೆ ಹೋಗ್ತದೆ ಅಂತ ಗಜದ ಮೇಲೇ ಒಂದು ಗೀರು ಹಾಕಿಟ್ಟಿದಾರೆ. ಈ ಗೀರು ಎಂತಕ್ಕೆ ಅಂತ ನಾನು ಹದಿನೆಂಟು ವರ್ಷದಲ್ಲಿ ಕೇಳಿರ್ಲಿಲ್ಲ.

ಆಗ ನಾನೂ ಒಂದು ಶರತ್ತು ಹಾಕಿದೆ. ಸಂಕ ದಾಟುವಾಗ ಕೋವಿ ಹೆಗಲಲ್ಲಿರ್ಲಿ, ಮದ್ದು ತುಂಬದು ಆಚೆ ದಡಕ್ಕೆ ಹೋದ ಮೇಲೆ. ಕೇಪ್ ಅಲ್ಲೀವರೆಗೂ ಜೇಬಲ್ಲಿ. ಮಾವ ಒಂದು ನಿಮಿಷ ಸುಮ್ನಿದ್ದು, "ಆಗ್ಲಿ" ಅಂದ್ರು.

ನನ್ನ ತಪ್ಪೊಂದು ಗೌರಿ ಹಬ್ಬದ ಹೊತ್ತಿಗೆ ಗೊತ್ತಾಯ್ತು. ಮದ್ದಿನ ಮಸಿ ಉಪ್ಪಿನ ಹಾಂಗೆ, ಗಾಳಿಲಿರೋ ತೇವ ಎಳೀತದೆ. ಅದಕ್ಕೆ ಈಡು ಬಿಟ್ಟ ದಿನವೇ ಬಿಸಿನೀರು ಹಾಕಿ ನಳಿಗೆ ತೊಳೆದು ಒಣಗಿಸಿ ಎಣ್ಣೆ ಹಾಕ್ತಾರೆ. ಒಳಗೆಲ್ಲ ಸರಿ ಇತ್ತು. ಆದ್ರೆ ನಾನು ಕಟ್ಟಿದ ಚರ್ಮದ ಲಾಡಿ ಮಳೆಗಾಲ ಪೂರ್ತಿ ಹಾಂಗೇ ಇತ್ತು. ಬಿಚ್ಚಿ ನೋಡಿದ್ರೆ ಅಡಿಲಿ ಮೂರು ಕೆಂಪು ಉಂಗುರ, ತುಕ್ಕು. ಚರ್ಮ ತೇವ ಹಿಡ್ಕೊಂಡು ಕೂರ್ತದೆ, ಹದ ಮಾಡಿದ ಉಪ್ಪು, ಚೊಗರು ಎಲ್ಲ ಅದರಲ್ಲಿರ್ತದೆ, ಕಬ್ಬಿಣಕ್ಕೆ ಅದು ಶತ್ರು. ಕೈ ಮುರಿದಾಗ ನೀರು ತಾಗಬಾರ್ದು ಅಂತ ಎತ್ತಿ ಹಿಡಿದ ನಳಿಗೆಗೆ ನಾನು ತುಕ್ಕು ಹಿಡ್ಸಿದ್ದೆ. ನಂಗೆ ಅಳು ಬಂತು. ಮಾವ ನನ್ನ ಹೊಲಿಗೆ ಮಿಷನ್ನಿನ ಎಣ್ಣೆ ಬಾಟ್ಲಿ ಕೇಳಿ ಇಸ್ಕೊಂಡು, ಹಳೇ ಪಂಚೆ ಚೂರಲ್ಲಿ ಅದ್ದಿ ಮಧ್ಯಾಹ್ನ ಪೂರ್ತಿ ತಿಕ್ಕಿದ್ರು. ಒಂದು ಮಾತು ಆಡ್ಲಿಲ್ಲ. ಉಂಗುರದ ಗುರುತು ಈಗ್ಲೂ ಇದೆ, ಬೆರಳಿಟ್ರೆ ತಾಗ್ತದೆ.

ಈಗ ಮುಂದಿನ ಕಟ್ಟಿಗೆ ಚರ್ಮ ಇಲ್ಲ. ಗಟ್ಟಿ ನೂಲಿನ ಲಾಡಿನ ಕರಗಿಸಿದ ಜೇನುಮೇಣದಲ್ಲಿ ಅದ್ದಿ ಒಣಗಿಸಿದ್ದು. ಅದನ್ನೂ ತೋಟದಿಂದ ಬಂದ ಕೂಡ್ಲೇ ಬಿಚ್ಚಿ, ನಳಿಗೆ ಒರೆಸಿ, ಬೇರೆ ಬೇರೆ ಮೊಳೆಗೆ ನೇತು ಹಾಕದು. ಬಿಚ್ಚಿಡಕ್ಕೆ ಆಗ್ದೇ ಇದ್ರೆ ಪಟ್ಟಿನೇ ಕಟ್ಬೇಡಿ ಅಂತ ನಾನು ಹೇಳ್ತೀನಿ.

ಇನ್ನು ಅತ್ತಿಗೆ ಕೇಳಿದ್ದಕ್ಕೆ ಉತ್ರ. ಪಾರ್ಲಿಮೆಂಟ್ ಎಲೆಕ್ಷನ್ನಿಗೆ ಮಾರ್ಚ್ 16ಕ್ಕೆ ನೀತಿ ಸಂಹಿತೆ ಬಂತಲ್ಲ, ಕೋವಿ ಇರೋರೆಲ್ಲ ಸ್ಟೇಷನ್ನಿಗೆ ಒಪ್ಪಿಸ್ಬೇಕು ಅಂತ ಹೇಳಿ ಬಂತು. ಹಿಂದಿನ ವರ್ಷ ವಿಧಾನಸಭೆಗೂ ಹಾಂಗೇ ಕೊಟ್ಟು ಬಂದಿದ್ರು. ಹಂದಿಗಾಗ್ಲಿ ಮಂಗನಿಗಾಗ್ಲಿ ನೀತಿ ಸಂಹಿತೆ ಇಲ್ಲ, ಅದು ಬಿಡಿ. ಮಾವ ಬಿಳಿ ಪಂಚೆ ಉಟ್ಟು, ಕೋವಿ ಎಡ ಹೆಗಲಿಗೆ ಹಾಕ್ಕೊಂಡು, ಬಲಗೈಲಿ ಕೈಹಿಡಿ ಹಿಡ್ದು ಸಂಕ ದಾಟಿ ರಸ್ತೆಗೆ ಹೋದ್ರು, ಅಲ್ಲಿಂದ ಜೀಪು. ನಾನೂ ಜೊತೆಗೆ ಹೋಗಿದ್ದೆ. ಸ್ಟೇಷನ್ನಲ್ಲಿ ನಂಬರ್ ನೋಡಿ ರಶೀದಿ ಬರೆದೋರು, "ಇದೆಂತದು? ಬೆಲ್ಟಿಗೆ ರಶೀದಿಲಿ ಕಾಲಂ ಇಲ್ಲ, ಬಿಚ್ಕೊಂಡು ಹೋಗಿ" ಅಂದ್ರು. ಅಲ್ಲೇ ಬೆಂಚಿನ ಮೇಲೆ ಕೂತು ಲೇಸ್ ಬಿಚ್ಚಿದೆ, ಲಾಡಿ ಎಳೆದೆ. ಮಾವ ಆಚೆ ನೋಡ್ತಾ ನಿಂತಿದ್ರು. ಮನೆಗೆ ಬಂದು ಪಟ್ಟಿನ ಮೊಳೆಗೆ ಹಾಕಿದೆ. ಎರಡೂವರೆ ತಿಂಗಳು ಅದು ಒಂದೇ ನೇತಾಡ್ತಿತ್ತು, ದಿನಾ ಬೆಳಿಗ್ಗೆ ಮಾವ ಅದನ್ನ ಒಂದ್ಸಲ ಮುಟ್ಟಿ ಮುಖ ತೊಳೆಯಕ್ಕೆ ಹೋಗ್ತಿದ್ರು.

ಜೂನ್ 4ಕ್ಕೆ ಎಣಿಕೆ ಮುಗೀತು. ಮೊನ್ನೆ ಹೋಗಿ ಕೋವಿ ತಂದ್ವಿ. ಕಂಕುಳಲ್ಲೇ ಹಿಡ್ಕೊಂಡು ಬಂದ್ರು, ಸಂಕದ ಹತ್ರ ಬಂದಾಗ ನಿಂತು, ಕೋವಿ ನನ್ನ ಕೈಲಿ ಕೊಟ್ಟು ದಾಟಿ, ಆಚೆಯಿಂದ ಕೈ ಚಾಚಿ ಇಸ್ಕೊಂಡ್ರು. ನಿನ್ನೆ ಸಂಜೆ ಮಳೆ ಹಿಡೀತು. ನಾನು ರೊಟ್ಟಿ ತಟ್ತಿದ್ದೆ. ಜಗಲಿಯಿಂದ ಮಾವ ಕೂಗಿದ್ರು, "ಮಗಾ, ಆ ಲಾಡಿ ಪೋಣ್ಸೋ ಪಿನ್ನು ಎಲ್ಲಿಟ್ಟಿದೀಯೇ?"